ಮೂಡಿಗೆರೆ ರಸ್ತೆ ಅಂಗಡಿ ವಿಷಯ: ಡಿಸ್ಕೌಂಟ್ ಬೋರ್ಡು ಈಗ ಬೇಡ

ತಮ್ಮಾ, ನಿನ್ನ ಮೆಸೇಜು ಪೂರ್ತಿ ಕೇಳಿದೆ ಕಣೋ. ವ್ಯಾಪಾರ ಕಾಲುಭಾಗ ಬಿದ್ದೋಗಿದೆ, ಎಲ್ಲ ಸಾಮಾನಿಗೂ 5 ಪರ್ಸೆಂಟ್ ಬಿಟ್ಟು ಬೋರ್ಡು ಹಾಕ್ತೀನಿ, ಕೈಸಾಲ ತಂದು ಅಂಗಡಿ ತುಂಬಿಸ್ತೀನಿ ಅಂದ್ಯಲ್ಲ, ಎರಡೂ ಈಗ ಬೇಡ. ಗ್ರೂಪಲ್ಲಿ ಅಂಗಡಿ ಇಟ್ಟೋರು ಇನ್ನೂ ಇದ್ದೀರಿ, ಅದಕ್ಕೇ ಇಲ್ಲೇ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ.

ಕಿರಾಣಿಲಿ ಎಲ್ಲ ಸೇರಿ ನೂರಕ್ಕೆ 12 ರೂಪಾಯಿ ಉಳಿಯುತ್ತೆ ಅಂತ ಇಟ್ಕೋ. ಬಾಡಿಗೆ, ಕರೆಂಟು, ಹುಡುಗನ ಸಂಬಳ ಎಲ್ಲ ತಿಂಗಳಿಗೆ 30,000. ವ್ಯಾಪಾರ 4 ಲಕ್ಷ ಇದ್ದಾಗ 48,000 ಬಂದು, ಖರ್ಚು ಕಳೆದು ಮನೆಗೆ 18,000. ಈಗ 3 ಲಕ್ಷಕ್ಕೆ ಇಳಿದಿದೆ, 36,000 ಬಂದು ಮನೆಗೆ 6,000. ವ್ಯಾಪಾರ ಬಿದ್ದದ್ದು ಕಾಲುಭಾಗ, ಮನೆ ಆದಾಯ ಬಿದ್ದದ್ದು ಮೂರರಲ್ಲಿ ಎರಡು ಭಾಗ. ಇದರ ಮೇಲೆ 5 ಬಿಟ್ಟರೆ ನೂರಕ್ಕೆ ಉಳಿಯೋದು 7. ಅಷ್ಟೇ ಸಾಮಾನು ಹೋದರೆ ಬರೋದು 21,000, ಅಂದ್ರೆ ಕೈಯಿಂದ 9,000 ಹಾಕಬೇಕು. ಮೊದಲಿನ 36,000ಕ್ಕೆ ಸರಿದೂಗಿಸಬೇಕು ಅಂದ್ರೆ 100 ಪ್ಯಾಕೆಟ್ ಹೋಗ್ತಿದ್ದ ಕಡೆ 171 ಹೋಗಬೇಕು. ರೇಟು ಇಳಿಸಿದೆ ಅಂತ ಯಾರ ಮನೇಲೂ ಅಷ್ಟು ಉಪ್ಪು, ಸೋಪು ಖರ್ಚಾಗಲ್ಲ. ಬಿಡೋದಾದ್ರೆ ಎಕ್ಸ್‌ಪೈರಿಗೆ ಎರಡು ತಿಂಗಳೊಳಗೆ ಇರೋ ಸಾಮಾನಿಗೆ ಮಾತ್ರ ಬಿಡು, ಅದನ್ನ ಗಲ್ಲಾ ಪಕ್ಕ ಇಡು.

ನಿಜವಾಗಿ ಅಂಗಡಿ ಮುಚ್ಚಿಸೋದು ಉದ್ರಿ. ಇದನ್ನ ಗಮನ ಇಟ್ಟು ಕೇಳು. ಹಳೇ ಬಾಕಿ ಪೂರ್ತಿ ಕೊಡು ಅಂತ ಬಾಗಿಲಲ್ಲೇ ಕೇಳಿದ್ರೆ, ಆ ಗಿರಾಕಿ ಕೈಲಿರೋ ಕ್ಯಾಶು ತಗೊಂಡು ಪಕ್ಕದ ಅಂಗಡಿಗೆ ಹೋಗ್ತಾನೆ. ಬಾಕಿನೂ ಬರಲ್ಲ, ಹೊಸ ವ್ಯಾಪಾರನೂ ಹೋಯ್ತು. ಅದಕ್ಕೆ ಹಳೇ ಬಾಕಿಗೆ ಬೇರೆ ಪುಟ ಮಾಡು. ಆ ಪುಟಕ್ಕೆ ಹೊಸದು ಸೇರಿಸಬೇಡ. ಪ್ರತಿ ಬಟವಾಡೆಗೆ, ಅಂದ್ರೆ ಕೂಲಿ ಕೈಗೆ ಬರೋ ದಿನ, 200, 300 ಅಂತ ಕಂತು ಒಪ್ಪಿಸು. ಇವತ್ತಿನ ಸಾಮಾನು ಇವತ್ತಿನ ದುಡ್ಡಿಗೆ. ತೀರಾ ಕಷ್ಟದಲ್ಲಿರೋರಿಗೆ ಒಂದು ವಾರದ ರೇಷನ್ನಿನಷ್ಟು ಕೊಡು, ಅದು ತೀರಿದ ಮೇಲೇನೇ ಮುಂದಿನದು. ಬಾಕಿ ಮೊತ್ತದ ಕೆಳಗೆ ತಾರೀಖು ಹಾಕಿಸಿ ಸಹಿ ತಗೋ. ಸಾಮಾನು ಕೊಟ್ಟು ಮೂರು ವರ್ಷ ದಾಟಿದ್ರೆ ಕೋರ್ಟಲ್ಲಿ ವಸೂಲಿ ಕೇಳೋಕಾಗಲ್ಲ. ಅಷ್ಟರೊಳಗೆ ಒಪ್ಪಿ ಸಹಿ ಹಾಕಿದ್ರೆ ಆ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತೆ. ನಮ್ಮ ಕಡೆ ತೋಟದ ಕೆಲಸದೋರ ಕೈಲಿ ದುಡ್ಡು ಓಡಾಡೋದು ಕಾಫಿ ಕೊಯ್ಲಲ್ಲಿ, ನವೆಂಬರಿಂದ ಮಾರ್ಚ್‌ವರೆಗೆ. ದೊಡ್ಡ ಬಾಕಿಯೆಲ್ಲ ಆಗಲೇ ಇಳಿಸ್ಕೋಬೇಕು. ಜೂನ್ ಮಳೆ ಹಿಡಿದ ಮೇಲೆ ಕೇಳೋದು ಅವರಿಗೂ ಹಿಂಸೆ, ನಿನಗೂ ಹಿಂಸೆ.

ಇನ್ನು ಸ್ಟಾಕು. 3 ಲಕ್ಷದ ವ್ಯಾಪಾರದಲ್ಲಿ ಉಳಿಯೋ 36,000 ಕಳೆದ್ರೆ ತಿಂಗಳಿಗೆ 2.64 ಲಕ್ಷ ಅಸಲಿನ ಸಾಮಾನು ಹೋಗುತ್ತೆ, ಒಳಗೆ 5 ಲಕ್ಷದ್ದು ಕೂತಿದೆ ಅಂದ್ರೆ ಹತ್ತಿರ ಹತ್ತಿರ 57 ದಿನದ ಸರಕು. ಅದನ್ನ 30 ದಿನಕ್ಕೆ ತಂದ್ರೆ ಸುಮಾರು 2.36 ಲಕ್ಷ ಬಿಡುಗಡೆ ಆಗುತ್ತೆ, ಸಾಲವೇ ಬೇಡ. ಅಕ್ಕಿ, ಸಕ್ಕರೆ, ಎಣ್ಣೆ, ತೊಗರಿಬೇಳೆ ಮಾತ್ರ ಯಾವತ್ತೂ ಇಲ್ಲ ಅನ್ನಬಾರದು, ಇಲ್ಲ ಅಂದ ದಿನ ಗಿರಾಕಿ ಪೂರ್ತಿ ಚೀಟಿ ಬೇರೆ ಕಡೆ ಕೊಡ್ತಾನೆ. ಕಮ್ಮಿ ಮಾಡಬೇಕಾದ್ದು ಒಂದೇ ಸಾಮಾನಲ್ಲಿ ಎಂಟು ಬ್ರಾಂಡು ಇಡೋದನ್ನ. ಶಾಂಪೂ ಬಾಟಲಿ ತೆಗೆದು ಸ್ಯಾಶೆ ತೂಗುಹಾಕು, ಲೀಟರ್ ಎಣ್ಣೆ ಪಕ್ಕ ಅರ್ಧ ಲೀಟರ್ ಇಡು, ಕಾಲು ಕೆಜಿ ಬೇಳೆ ಕೇಳಿದ್ರೂ ಮುಖ ಸಿಂಡರಿಸದೆ ಎದುರಿಗೇ ತೂಗಿ ಕೊಡು. ಮುಂಚೇನೇ ಪ್ಯಾಕ್ ಮಾಡಿಟ್ರೆ ತೂಕ, ರೇಟು, ತಾರೀಖಿನ ಲೇಬಲ್ ಬೇಕಾಗುತ್ತೆ. ಮಳೆಗಾಲದಲ್ಲಿ ರವೆ, ಮೈದಾ, ಅವಲಕ್ಕಿ ಹತ್ತು ದಿನಕ್ಕಾಗುವಷ್ಟೇ ತರಿಸು. ಥಂಡಿಗೆ ಹುಳ ಬಿದ್ದು ಮುಗ್ಗಲು ವಾಸನೆ ಬಂದ್ರೆ ಯಾರೂ ವಾಪಸ್ ತಗೊಳ್ಳಲ್ಲ. ಮೂಟೆ ನೆಲಕ್ಕೆ ತಾಗಬಾರದು, ಗೋಡೆಗೆ ಒರಗಬಾರದು, ಕೆಳಗೆ ಹಲಗೆ ಹಾಕು.

ಕಂಪನಿ ಸಾಮಾನು ಅಂಗಡಿ ಅಂಗಡಿಗೆ ತರೋ ಲೈನ್ ಸೇಲ್ಸ್‌ನೋರು 12ಕ್ಕೆ 1 ಫ್ರೀ ಅಂತಾರೆ. ಫ್ರೀ ಸೇರಿ 13ರಲ್ಲಿ 1, ಅಂದ್ರೆ ನೂರಕ್ಕೆ 8 ರೂಪಾಯಿಗೂ ಕಮ್ಮಿ. ಆ ಪೆಟ್ಟಿಗೆ ಖಾಲಿ ಆಗೋಕೆ 8 ತಿಂಗಳು ಹಿಡಿದ್ರೆ ದುಡ್ಡು ಸರಾಸರಿ 4 ತಿಂಗಳು ಕೂತಂಗೆ. ನೂರಕ್ಕೆ 2 ರೂಪಾಯಿ ಬಡ್ಡಿಲಿ 8 ರೂಪಾಯಿ ಹೋಯ್ತು. ತಿಂಗಳೊಳಗೆ ಹೋಗೋ ಸಾಮಾನಿಗೆ ಸ್ಕೀಮು ತಗೋ, ಉಳಿದದ್ದಕ್ಕೆ ಬೇಡ ಅನ್ನು.

ದಿನದ ಕಲೆಕ್ಷನ್ ಸಾಲಕ್ಕಂತೂ ಕೈ ಹಾಕಲೇಬೇಡಪ್ಪ. 9,000 ಕೈಗೆ ಕೊಟ್ಟು ದಿನಕ್ಕೆ 100ರಂತೆ 100 ದಿನ ವಸೂಲಿ ಮಾಡ್ತಾರೆ. ನೋಡೋಕೆ 1,000 ಬಡ್ಡಿ, ಆದ್ರೆ ಅಸಲು ದಿನಾ ತೀರ್ತಾ ಇರುತ್ತಲ್ಲ, ಲೆಕ್ಕ ಹಾಕಿದ್ರೆ ವರ್ಷಕ್ಕೆ 80 ಪರ್ಸೆಂಟ್ ಆಸುಪಾಸು ಬೀಳುತ್ತೆ. ಬೇಕೇ ಬೇಕು ಅಂದ್ರೆ ಬ್ಯಾಂಕಲ್ಲಿ ಮುದ್ರಾ, ಅಂದ್ರೆ ಸಣ್ಣ ವ್ಯಾಪಾರದೋರಿಗೆ ಇರೋ ಸರ್ಕಾರದ ಯೋಜನೆ ಸಾಲ ಕೇಳು, 50,000ವರೆಗೆ ಶಿಶು, ಅದರ ಮೇಲೆ 5 ಲಕ್ಷದವರೆಗೆ ಕಿಶೋರ.

ಅದಕ್ಕೂ ಮುಂಚೆ ಎರಡು ಪಟ್ಟಿ ಮಾಡು: ಮೂರು ತಿಂಗಳಿಂದ ಅಲ್ಲಾಡದ ಸಾಮಾನಿನದು ಒಂದು, ಉದ್ರಿದು ಒಂದು. ಉದ್ರಿ ಪಟ್ಟಿ ಗ್ರೂಪಿಗೆ ಹಾಕಬೇಡ, ಊರೋರ ಹೆಸರು ಇರುತ್ತೆ. ನನಗೆ ಬೇರೆ ಕಳಿಸು, ಕೂತು ನೋಡೋಣ.