ಮುತ್ತಜ್ಜನ ಜೋಡುನಳಿಗೆ ಕೋವಿ: ಕೈಲ್ ಪೊಳ್ದ್‌ಗೆ ಒಂದು ಈಡು ಹೊಡೆಯಬಹುದಾ?

(ಕೋವಿ ಇರುವವರ ಗುಂಪಿನ ಮಾತುಕತೆ. ಬರೆದವರ ಹೆಸರಿನ ಬದಲು ಊರು; ‘ಕೋವಿ ರಿಪೇರಿ’ ಅಂದರೆ ಕೋವಿ ರಿಪೇರಿ ಮಾಡುವವರು.)

ಗೋಣಿಕೊಪ್ಪ: ಸರ್, ನಮ್ಮ ಐನ್‌ಮನೆಯಲ್ಲಿ (ಮನೆತನದ ಹಿರಿಮನೆ) ಮುತ್ತಜ್ಜನ ಕಾಲದ ಜೋಡುನಳಿಗೆ ತೋಟಾ ಕೋವಿ ಇದೆ. ಕುದುರೆ (ತೋಟಾಕ್ಕೆ ಬಡಿಯುವ ಸುತ್ತಿಗೆ) ಎರಡೂ ಹೊರಗಿವೆ. ನಳಿಗೆಗಳ ನಡುವಿನ ಪಟ್ಟಿಯ ಮೇಲೆ ‘ಮ್ಯಾಂಟನ್ ಅಂಡ್ ಕೋ, ಕಲ್ಕತ್ತಾ’ ಅಂತಿದೆ. ನಳಿಗೆ ತುಂಬಾ ಹಾವಿನ ಪೊರೆಯ ಹಾಗೆ ಸುರುಳಿ ಗೆರೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಪತ್ರ ಸರಿಯಾಗಿದೆ. ಅಪ್ಪನಿಗೆ 81. ಸೆಪ್ಟೆಂಬರ್ 3ಕ್ಕೆ ಕೈಲ್ ಪೊಳ್ದ್, ನಮ್ಮ ಆಯುಧ ಪೂಜೆಯ ಹಬ್ಬ; ಅವತ್ತು ಇದರಲ್ಲಿ ತೆಂಗಿನಕಾಯಿಗೆ ಒಂದು ಈಡು ಹೊಡೀಬೇಕು ಅಂತ ಅವರ ಆಸೆ. ಯಾವ ಇಸವಿಯದು? ಹೇಗೆ ಮಿಂಚಿಸೋದು?

ಕೋವಿ ರಿಪೇರಿ: ತೋಟಾ ಇಲ್ಲ ಅಂತ ಮೊದಲು ನೋಡಿ. ಆಮೇಲೆ ನಳಿಗೆ ಕಳಚಿ ಮಗುಚಿ. ತೋಟಾ ಕೂರುವ ಕಡೆ ಕೆಳಗೆ ಚಪ್ಪಟೆ ಜಾಗದಲ್ಲಿ ಮುದ್ರೆಗಳಿರುತ್ತವೆ. ಸೀಮೆಸುಣ್ಣ ತಿಕ್ಕಿ, ಒರೆಸಿ, ಫೋಟೋ ಹಾಕಿ. ಒಳವ್ಯಾಸ ಅಳೆಸಿ. ಮಿಂಚಿಸುವ ಮಾತು ಆಮೇಲೆ.

ಸುಂಟಿಕೊಪ್ಪ: ಅಣ್ಣ, ಹುಣಸೆಹುಳಿಗೆ ಒಲೆಬೂದಿ ಕಲಸಿ ತಿಕ್ಕಿ. ಕನ್ನಡಿ ಹಾಗೆ ಆಗುತ್ತೆ. ವಾಟ್ಸಾಪಲ್ಲಿ ಬಂದಿತ್ತು.

ಕೋವಿ ರಿಪೇರಿ: ಹುಣಸೆಹುಳಿ ಹಿತ್ತಾಳೆ ಚೊಂಬಿಗೆ. ಈ ನಳಿಗೆ ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹುರಿ ಮಾಡಿ, ಕಾಯಿಸಿ ಬಡಿದು ಬೆಸೆದದ್ದು. ಆ ಗೆರೆಗಳಿಗಾಗಿಯೇ ಆ ಕಾಲದ ಕಮ್ಮಾರ ದಿನಗಟ್ಟಲೆ ದುಡಿದಿದ್ದಾನೆ. ಹುಳಿ ಹಚ್ಚಿದರೆ ಒಂದೇ ಸಂಜೆಯಲ್ಲಿ ಹೋಗುತ್ತದೆ.

ಪಿರಿಯಾಪಟ್ಟಣ: ನಮ್ಮದಕ್ಕೆ ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಕಪ್ಪು ಮಾಡಿಕೊಡ್ತೀವಿ ಅಂತಾರೆ. ಮಾಡಿಸಲಾ?

ಕೋವಿ ರಿಪೇರಿ: ಬೇಡ. ಹಳೆಯ ಜೋಡುನಳಿಗೆಯ ನಡುಪಟ್ಟಿ ನಿಂತಿರುವುದು ಸೀಸ, ತವರದ ಬೆಸುಗೆಯಲ್ಲಿ. ಕಾಸ್ಟಿಕ್ ಸಂದಿಗೆ ಇಳಿದು ಬೆಸುಗೆ ತಿನ್ನುತ್ತದೆ. ನಿಧಾನವಾಗಿ ತುಕ್ಕು ಹಿಡಿಸಿ, ಉಜ್ಜಿ, ಮತ್ತೆ ಹಿಡಿಸಿ ಬಣ್ಣ ತರುವವರ ಹತ್ತಿರ ಮಾತ್ರ ಕೊಡಿ.

ಚೆಟ್ಟಳ್ಳಿ: ಇಂಥದ್ದಕ್ಕೆ ಬೆಲೆ ಎಷ್ಟು ಬರಬಹುದು?

ಗೋಣಿಕೊಪ್ಪ: ಮುದ್ರೆಗಳ ಫೋಟೋ ಹಾಕಿದ್ದೇನೆ ಸರ್. ಲೇತ್‌ನವರು ಅಳೆದರು. ಎಡ ನಳಿಗೆ ಒಳಗೆ 18.6 ಮಿ.ಮೀ.

ಕೋವಿ ರಿಪೇರಿ: ನೋಡಿದೆ. ರಾತ್ರಿ ಮತ್ತೆ ಎದ್ದು ನೋಡಿದೆ. ಉದ್ದ ಬರೆಯುತ್ತೇನೆ, ಅಪ್ಪನಿಗೂ ಓದಿ ಹೇಳಿ.

ಮ್ಯಾಂಟನ್ ಕಲ್ಕತ್ತಾದ ಅಂಗಡಿ. ಕಿರೀಟ, ಅಡ್ಡಡ್ಡ ಎರಡು ರಾಜದಂಡ, ಬಿ.ಪಿ.ಸಿ. ಅಕ್ಷರ, ಇದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನಳಿಗೆಯ ಬಲ ನೋಡುವ ಪರೀಕ್ಷಾಮನೆಯ ಮುದ್ರೆ. ಅಲ್ಲಿ ಪರೀಕ್ಷೆಯಾಗಿ ಇಲ್ಲಿ ಮಾರಾಟವಾದ ಕೋವಿ. ಪಕ್ಕದಲ್ಲಿ ‘ನಾಟ್ ಫಾರ್ ಬಾಲ್’ ಅಂತಿದೆಯಲ್ಲ, ಅದನ್ನು ಒತ್ತುತ್ತಿದ್ದದ್ದು 1875ರಿಂದ 1887ರವರೆಗೆ. ನಳಿಗೆಯ ಬಾಯಿ ಕಿರಿದು ಮಾಡಿದೆ, ಚರೆ ಮಾತ್ರ ಹೊಡೆಯಿರಿ, ಒಂಟಿ ಗುಂಡು ಬೇಡ ಅಂತ ಅರ್ಥ. ಇಸವಿ ಆ 12 ವರ್ಷದೊಳಗೇ. ಈಗಿನ ತೋಟಾದಲ್ಲಿರುವ ಹೊಗೆಯಿಲ್ಲದ ಮದ್ದಿನ ಪರೀಕ್ಷೆಯ ಮುದ್ರೆ ಶುರುವಾದದ್ದು 1896ರಲ್ಲಿ, ನಿಮ್ಮದರಲ್ಲಿ ಅದು ಇಲ್ಲ. ಇದು ಕರಿಮದ್ದಿನ ಕೋವಿ.

ನನಗೆ ಹೆದರಿಕೆಯಾದದ್ದು ‘13’ ನೋಡಿ. ಅದು ನಳಿಗೆಯ ಅಳತೆಯ ಸಂಖ್ಯೆ, ಸಂಖ್ಯೆ ಏರಿದಷ್ಟೂ ನಳಿಗೆ ಕಿರಿದು. 13 ಅಂದರೆ ಪರೀಕ್ಷೆಯ ದಿನ ಒಳವ್ಯಾಸ 18.03 ಮಿ.ಮೀ. 12ರ ತೋಟಾ ತಿನ್ನುವ ಕೋವಿಯಲ್ಲೂ ಆಗ ನಳಿಗೆ ಹಾಗೆ ಬಿಗಿ ಇರುತ್ತಿತ್ತು, ಅದು ತಪ್ಪಲ್ಲ. ಈಗ 18.6. ತುಕ್ಕಿನ ಗುಳಿ ಹೋಗಲಿ ಅಂತ ಯಾರೋ ಒಳಗೆ ಕೊರೆದು ನಯ ಮಾಡಿದ್ದಾರೆ. ಸುತ್ತಲೂ ಕಾಲು ಮಿಲಿಮೀಟರಿಗಿಂತ ಹೆಚ್ಚು ಲೋಹ ಹೋಗಿದೆ. ಹೊರಗೆ ಮರಳುಕಾಗದ ತಿಕ್ಕಿದ್ದರೆ ಅದೂ ಲೆಕ್ಕಕ್ಕೆ. ನಳಿಗೆಯ ಗೋಡೆಯ ದಪ್ಪ ಎಲ್ಲಿಯಾದರೂ ಅರ್ಧ ಮಿಲಿಮೀಟರಿಗಿಂತ ಕಡಿಮೆ ಇದ್ದರೆ ನಾನು ತೋಟಾ ಹಾಕಲು ಬಿಡುವುದಿಲ್ಲ. ನಳಿಗೆ ಸೀಳಿದರೆ ಮೊದಲು ಹೋಗುವುದು ಎಡಗೈ ಬೆರಳು. ಪರವಾನಗಿ ಇರುವ ರಿಪೇರಿ ಅಂಗಡಿಗೆ ಒಯ್ದು ಗೋಡೆ ಅಳೆಸಿ, ಉದ್ದಕ್ಕೂ ಅಳೆಸಿ.

ಕುಶಾಲನಗರ: ಅಷ್ಟೆಲ್ಲ ಹೆದರೋದು ಯಾಕೆ? ನಮ್ಮ ಹಳೇ ಕೋವಿಗೆ ಈಗಿನ ತೋಟಾ ಸಲೀಸಾಗಿ ಕೂರುತ್ತೆ. ಕೂತರೆ ಹೊಡೀಬಹುದು.

ಕೋವಿ ರಿಪೇರಿ: ದಯವಿಟ್ಟು ಇದನ್ನು ಹರಡಬೇಡಿ. ಪೆಟ್ಟಿಗೆ ಮೇಲೆ 70 ಮಿ.ಮೀ. ಅಂತ ಬರೆದಿರುವುದು ತೋಟಾ ಸಿಡಿದು ಬಾಯಿ ಬಿಚ್ಚಿದ ಮೇಲಿನ ಉದ್ದ. ಮಡಿಸಿದ ಬಾಯಿಯಲ್ಲಿ ಅದು 65 ಮಿ.ಮೀ. ಗೂಡಿನಲ್ಲೂ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಆರಾಮಾಗಿ ಕೂರುತ್ತದೆ. ಸಿಡಿದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಹಳೆಯ ಇಂಗ್ಲಿಷ್ 12ರ ಗೂಡು ಹೆಚ್ಚಾಗಿ 65.

ಕೊಪ್ಪ: ನಿಮಗೆ ಹೊಡೆಯೋ ಚಿಂತೆ. ನಮಗೆ ಪ್ರತಿ ಚುನಾವಣೆಗೂ ಠಾಣೆಯಲ್ಲಿಟ್ಟು ಬರೋ ಚಿಂತೆ. ಹೋದ ಸಲ ವಾಪಸ್ ಬಂದಾಗ ನಳಿಗೆಯೊಳಗೆ ಕೆಂಪು ತುಕ್ಕು. ಕೊಡಗಿನವರಿಗೆ ಮಾತ್ರ ಯಾಕೆ ವಿನಾಯಿತಿ?

ವಿರಾಜಪೇಟೆ: ಅದು ಬ್ರಿಟಿಷರ ಕಾಲದಿಂದ ಬಂದದ್ದು. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ನಾವು ಕೋವಿ ಪೂಜೆ ಮಾಡೋರು.

ಕೊಪ್ಪ: ಆಯುಧ ಪೂಜೆಗೆ ನಾವೂ ಇಡ್ತೀವಿ. ಹಂದಿ ನಮ್ಮ ಗದ್ದೆಗೂ ಬರುತ್ತೆ.

ವಿರಾಜಪೇಟೆ: ಹಾಗಾದ್ರೆ ಸರ್ಕಾರವನ್ನ ಕೇಳಿ, ನಮ್ಮನ್ನಲ್ಲ. ನಮ್ಮ ವಿನಾಯಿತಿಯೂ 2029ರ ತನಕ ಅಷ್ಟೇ.

ಮೂಡಿಗೆರೆ: ನಮ್ಮದು ಬೆಲ್ಜಿಯಂ ಕೋವಿ, ಒಂದು ಕುದುರೆ ಎತ್ತಿದರೆ ನಿಲ್ಲಲ್ಲ. ಯಾರಾದ್ರೂ ಹೇಳ್ತೀರಾ?

ಚೆಟ್ಟಳ್ಳಿ: ಬೆಲೆ ಕೇಳಿದ್ದೆ. ಉತ್ತರ ಬರಲಿಲ್ಲ.

ಕೋವಿ ರಿಪೇರಿ: ಬೆಲೆ ಹೇಳುವುದಿಲ್ಲ.

ಸುಂಟಿಕೊಪ್ಪ: ಹುಣಸೆ ಬೇಡ ಅಂದ್ರೆ ನಿಂಬೆಹಣ್ಣು?

ಕೋವಿ ರಿಪೇರಿ: ಹುಳಿ ಯಾವುದೂ ಬೇಡ. ಮೇಲೆ ಬರೆದಿದ್ದೇನೆ, ಓದಿ.

ಕುಶಾಲನಗರ: ಕೇಳಿದ್ದಕ್ಕೆಲ್ಲ ಬೈದರೆ ಗುಂಪು ಯಾಕೆ?

ಕೋವಿ ರಿಪೇರಿ: ಬೆರಳು ಕಳಕೊಂಡವರ ಕೋವಿ ನನ್ನ ಮೇಜಿಗೆ ಬಂದಿದೆ. ಹಾಗಾಗಿ ದನಿ ಏರುತ್ತದೆ.

ಗೋಣಿಕೊಪ್ಪ: ಸರ್, ಗೋಡೆ ಅಳೆಸಿದೆವು. ಬಲ ನಳಿಗೆಯಲ್ಲಿ ತೀರ ತೆಳುವಾದ ಕಡೆ 0.66 ಮಿ.ಮೀ., ಎಡದಲ್ಲಿ 0.38. ಅಪ್ಪ ಆ ಚೀಟಿಯನ್ನು ಎರಡು ಸಲ ಓದಿಸಿಕೊಂಡರು. ಸ್ವಲ್ಪ ಹೊತ್ತು ನಳಿಗೆ ಮೇಲೆ ಕೈಯಾಡಿಸುತ್ತ ಕೂತಿದ್ದರು. ಈ ಸಲ ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜೆಯ ಕೋಣೆ ಕನ್ನಿಕೊಂಬರೆಯಲ್ಲಿ ಇಡ್ತೇವೆ. ತೆಂಗಿನಕಾಯಿಗೆ ಚಿಕ್ಕಪ್ಪನ ಕೋವಿ.

ಕೋವಿ ರಿಪೇರಿ: ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಹೂವಿನ ನೀರು ನಳಿಗೆಗೆ ತಾಗಿದರೆ ಅಂದೇ ಸಂಜೆ ಒಣಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಕೋವಿ ಎಣ್ಣೆ ಸವರಿ. ಮೂತಿ ಕೆಳಗೆ ಮಾಡಿ ಇಡಿ, ಎಣ್ಣೆ ಇಳಿದು ಮರದ ಹಿಡಿಗೆ ಹೋಗಬಾರದು.