ಹಿಮ ತಡೆಯೋ ನಾಟಿ ಕೇಲ್ (ಎಲೆಕೋಸಿನ ಜಾತಿಯ ಸೊಪ್ಪು) ಬೆಳೆದವರು ಯಾರಾದ್ರೂ ಇದ್ದೀರಾ?

ನಾವು ಶಿಕಾಗೋ ಹತ್ರ ಬಂದು ಎರಡು ವರ್ಷ ಆಯ್ತು, ಹಿತ್ತಲಲ್ಲಿ ನಾಲ್ಕಡಿ ಎಂಟಡಿದು ಒಂದು ಪಾತಿ ಇದೆ. ಹೋದ್ವರ್ಷ ಮೇ ತಿಂಗಳಲ್ಲಿ ಅಂಗಡಿಯಿಂದ ಕೇಲ್ ಸಸಿ ತಂದು ನೆಟ್ಟೆ, ಜುಲೈ ಹೊತ್ತಿಗೆ ಎಲೆ ಎಲ್ಲ ಜರಡಿ, ಉಳಿದಿದ್ರಲ್ಲಿ ಪಲ್ಯ ಮಾಡಿದ್ರೆ ಅತ್ತೆ "ಇದೇನೇ, ಬೇವಿನ ಸೊಪ್ಪಾ?" ಅಂದ್ರು. ಹಿಮ ಬಿದ್ಮೇಲೂ ಕೊಯ್ಯಬಹುದು ಅಂತಾರೆ, ನಮ್ ಗಿಡ ಡಿಸೆಂಬರ್ ನೋಡ್ಲೇ ಇಲ್ಲ. ಹೈಬ್ರಿಡ್ ಬೇಡ, ಬೀಜ ಎತ್ತಿಟ್ಕೋಬೇಕು ಅಂತ ಆಸೆ. ಯಾವ ತಳಿ, ಯಾವಾಗ ಬಿತ್ತಬೇಕು, ಹುಳಕ್ಕೆ ಏನ್ ಮಾಡ್ತೀರಾ?

ಮ್ಯಾಡಿಸನ್, ವಿಸ್ಕಾನ್ಸಿನ್‌ನಿಂದ

ನೀವು ಮಾಡಿದ ತಪ್ಪನ್ನೇ ನಾನೂ ಮೂರು ವರ್ಷ ಮಾಡಿದೀನಿ, ಮೇನಲ್ಲಿ ನೆಡೋದು. ಬೇಸಿಗೆ ಬಿಸಿಲಿಗೆ ಕೇಲ್ ಕಹಿ ಆಗೇ ಆಗತ್ತೆ, ಅತ್ತೆಯವರದ್ದೇನೂ ತಪ್ಪಿಲ್ಲ ಬಿಡಿ. ಚಳಿಗಾಲಕ್ಕೆ ಬೇಕು ಅಂದ್ರೆ ಜುಲೈ ಎರಡನೇ ಮೂರನೇ ವಾರದಲ್ಲಿ ಬೀಜ ಹಾಕಿ, ನಾಲ್ಕೈದು ವಾರದ ಸಸಿ ಆದ್ಮೇಲೆ ಒಂದೂವರೆ ಅಡಿಗೊಂದರಂತೆ ನಾಟಿ ಮಾಡಿ. ಯಾಕೆ ಅಂದ್ರೆ ಗಿಡ ಬೆಳೆಯೋದು ನಿಲ್ಲೋದು ಬರೀ ಚಳಿಗಲ್ಲ, ಬೆಳಕು ಕಮ್ಮಿ ಆಗೋದಕ್ಕೆ. ನಮ್ಮ ಕಡೆ ನವೆಂಬರ್ ಮೊದಲ ವಾರದಿಂದ ಫೆಬ್ರವರಿ ಮೊದಲ ವಾರದ ತನಕ ಹಗಲು 10 ಗಂಟೆಗಿಂತ ಕಡಿಮೆ, ಆಗ ಬೆಳವಣಿಗೆ ಹೆಚ್ಚು ಕಡಿಮೆ ನಿಂತೇ ಹೋಗತ್ತೆ. ಅಷ್ಟರೊಳಗೆ ಗಿಡ ಮುಕ್ಕಾಲು ಭಾಗ ಬೆಳೆದಿರ್ಬೇಕು, ಆಮೇಲೆ ಪಾತಿ ಅಂದ್ರೆ ಫ್ರಿಜ್ ಇದ್ದಂಗೆ, ಬೇಕಾದಾಗ ಹೋಗಿ ಕಿತ್ಕೊಂಡು ಬರೋದು ಅಷ್ಟೇ.

ತಳಿ ವೇಟ್ಸ್ ಹಾಕಿ. ಕುಳ್ಳಗೆ ಗುಂಗುರು ಎಲೆದು, ಮೊಣಕಾಲು ಎತ್ತರಕ್ಕಿಂತ ಜಾಸ್ತಿ ಹೋಗಲ್ಲ, ಹಿಮದಡಿ ಮುಚ್ಕೊಂಡು ಬೆಚ್ಚಗೆ ಕೂತಿರತ್ತೆ. ಲಾಸಿನಾಟೋ, ಅದೇ ಇಟಲಿಯ ಕಪ್ಪು ಉದ್ದೆಲೆದು, ಬಾಯಿಗೆ ರುಚಿ ಆದ್ರೆ ನಮ್ ಚಳಿಗೆ ಮೊದಲು ಸೋಲೋದು ಅದೇ. ವಿಂಟರ್‌ಬೋರ್ ಗಟ್ಟಿ ಗಿಡ ನಿಜ, ಆದ್ರೆ ಅದು ಹೈಬ್ರಿಡ್, ಬೀಜ ಎತ್ತಿಟ್ರೆ ಮರಿ ತಾಯಿ ಥರ ಬರಲ್ಲ.

ಹಿಮಕ್ಕಿಂತ ಒಣಗಾಳಿ ಕೆಟ್ಟದ್ದು. ಕಮಾನು ಕಂಬಿ ಬಗ್ಗಿಸಿ ಮೇಲೆ ತೆಳು ಬಟ್ಟೆ ಎಳೆದು ಅಂಚಿಗೆ ಇಟ್ಟಿಗೆ ಇಡಿ. ಹಂಗಿದ್ರೂ ಮೈನಸ್ 25 ಬಂದ ವರ್ಷ ನಂದು ಅರ್ಧ ಹೋಯ್ತು, ಸುಳ್ಳು ಯಾಕೆ ಹೇಳ್ಲಿ. ಇನ್ನೊಂದು, ಹೆಪ್ಪುಗಟ್ಟಿದ ಎಲೆ ಮುಟ್ಟಬೇಡಿ. ಜನವರಿ ಬೆಳಿಗ್ಗೆ ಬಟ್ಟೆ ಸರಿಸಿ ನೋಡಿದ್ರೆ ಎಲೆ ಎಲ್ಲ ಕಪ್ಪಗೆ, ಗಾಜಿನ ಥರ, ಜೋತು ಬಿದ್ದಿರತ್ತೆ, ಸತ್ತೇ ಹೋಯ್ತು ಅಂತ ಮೊದಲ ಸಲ ನಾನು ಕಿತ್ತು ಕಾಂಪೋಸ್ಟಿಗೆ ಹಾಕ್ಬಿಟ್ಟಿದ್ದೆ. ಕೀಳದೆ ಬಿಟ್ಟ ಎರಡು ಗಿಡ ಮಧ್ಯಾಹ್ನ ಬಿಸಿಲಿಗೆ ಎದ್ದು ನಿಂತಿದ್ವು!! ಚಳಿ ಏರ್ತಾ ಹೋದಂಗೆ ಗಿಡ ಎಲೆಯಲ್ಲಿ ಸಕ್ಕರೆ ಕೂಡಿಡತ್ತೆ, ಒಳಗಿನ ನೀರು ಬೇಗ ಗಡ್ಡೆಕಟ್ಟದೆ ಇರ್ಲಿ ಅಂತ. ಅದಕ್ಕೇ ಹಿಮ ಬಿದ್ಮೇಲೆ ಸಿಹಿ. ಅವತ್ತು ಮಾಡಿದ ಬಸ್ಸಾರು ಇವತ್ತಿಗೂ ನೆನಪಿದೆ.

ಎಡಿನ್‌ಬರೋದಿಂದ

ಅಕ್ಕಾರ, ಸ್ಕಾಟ್ಲೆಂಡದಾಗ ಕೇಲ್ ಅಂದ್ರ ನಮ್ಮ ಊರಾಗ ಮೆಂತ್ಯಪಲ್ಲೆ ಇದ್ದಂಗ, ಹಿಂದಕ್ಕ ಮನಿ ಹಿಂದಿನ ತ್ವಾಟಕ್ಕ ಕೇಲ್‌ಯಾರ್ಡ್ ಅಂತನ ಅಂತಿದ್ರು. ನೀವು ನಾಟಿ ಅಂತೀರಿ, ನಾವು ಜವಾರಿ ಅಂತೀವಿ. ಇಲ್ಲಿ ಚಳಿ ಅಷ್ಟ ಕೆಟ್ಟಲ್ಲ, ಕಾಟ ಎಲ್ಲಾ ಕಾಡು ಪಾರಿವಾಳದ್ದು, ಒಂದ ಮುಂಜಾನ್ಯಾಗ ಇಡೀ ಗಿಡ ತಿಂದು ಬರೇ ದಂಟು ಬಿಟ್ಟು ಹೋಗ್ತಾವ. ಬಲೆ ಹಾಕ್ಲಿಕ್ಕೇ ಬೇಕ್ರಿ. ಸಣ್ಣ ಕಣ್ಣಿನ ಬಲೆ ಹಾಕಿದ್ರ ಬಿಳಿ ಚಿಟ್ಟಿನೂ ಒಳಗ ಬರೂದಿಲ್ಲ, ನಿಮ್ಮ ಎಲಿ ಜರಡಿ ಮಾಡಿದ್ದು ಅದರ ಹಸಿರು ಹುಳಾನ ಇರಬೇಕು. ಎಲಿ ಹೊಳ್ಳಿಸಿ ನೋಡ್ರಿ, ಅಕ್ಕಿ ನುಚ್ಚಿನಷ್ಟು ಹಳದಿ ತತ್ತಿ ಒಂದೊಂದ ಅಂಟಿರ್ತಾವ, ಹೆಬ್ಬಟ್ಟಿಲೆ ಒರೆಸಿಬಿಡ್ರಿ. ನಮ್ಮವ್ವ ಇಲ್ಲಿಗೆ ಬಂದಾಗ ಚಾ ಕುಡಕೋತ "ಚಿಟ್ಟಿ ಎಷ್ಟ ಛಂದ ಅದಾವಲ್ಲ" ಅನ್ನಾಕಿ, ಮುಂದ ಎರಡು ವಾರಕ್ಕ ಅಕಿನ ಬಟ್ಟಲದಾಗ ಉಪ್ಪುನೀರು ಹಿಡಕೊಂಡು ಹುಳ ಆರಿಸ್ತಿದ್ಲು.

ಮತ್ತ ಒಂದ ಜಾಗಾದಾಗ ವರ್ಷಾವರ್ಷಾ ಹಚ್ಚಬ್ಯಾಡ್ರಿ. ನನ್ನ ತ್ವಾಟದಾಗ ಬೇರಿಗೆ ಗಂಟು ರೋಗ ಬಂತು, ಬೇರು ಹಸಿಶುಂಠಿ ಥರ ದಪ್ಪ ಆಗಿತ್ತು. ಅದು ಮಣ್ಣಾಗ 20 ವರ್ಷದ ತನಕ ಇರಬಹುದಂತ. ಹುಳಿ ಮಣ್ಣಿದ್ರ ಸುಣ್ಣ ಹಾಕ್ರಿ.

ಶ್ರೀನಗರದಲ್ಲಿ ಇದ್ದು ಬಂದವರಿಂದ

ನಾನು ಕೇಲ್ ಅಂತ ಹೆಸರು ಕೇಳಿದ್ದೇ ಆಮೇಲೆ, ಯಜಮಾನ್ರ ಪೋಸ್ಟಿಂಗ್ ಇದ್ದಾಗ ಶ್ರೀನಗರದಲ್ಲಿ ಅದೇ ಜಾತಿ ಸೊಪ್ಪು ದಿನಾ ತಿಂದಿದೀವಿ, ಅಲ್ಲಿ ಹಾಕ್ ಅಂತಾರೆ. ಪಕ್ಕದ ಮನೆ ಅಜ್ಜಿ ಗಿಡದ ತುದಿ ಮುಟ್ತಾನೇ ಇರ್ಲಿಲ್ಲ, ಕೆಳಗಿನ ಎಲೆ ಮಾತ್ರ ಕೆಳಕ್ಕೆ ಜಗ್ಗಿ ಕೀಳೋರು, ಹಂಗಾಗಿ ಕಾಂಡ ಉದ್ದ ಆಗಿ ಮೇಲೆ ಕುಚ್ಚು ಥರ ಎಲೆ. ಸಾಸಿವೆ ಎಣ್ಣೆ, ಇಂಗು, ಒಣಮೆಣಸಿನಕಾಯಿ, ಎಲೆ ಹೆಚ್ಚದೆ ಹಂಗೇ ನೀರಲ್ಲಿ ಬೇಯಿಸಿ ಅನ್ನಕ್ಕೆ. ನಿಮ್ಮತ್ತೆಗೆ ಒಂದ್ಸಲ ಹಂಗೆ ಮಾಡಿಕೊಡಿ. ನಮ್ಮ ಬೆಂಗಳೂರು ಟೆರೇಸಲ್ಲಿ ಅಕ್ಟೋಬರ್‌ಗೆ ಬಿತ್ತಿ ನೋಡಿದೆ, ಬಂತು, ಆದ್ರೆ ಆ ಸಿಹಿ ಬರಲಿಲ್ಲ.

ಪೋರ್ಟ್‌ಲ್ಯಾಂಡ್, ಆರೆಗನ್‌ನಿಂದ

ಬೀಜದ ಬಗ್ಗೆ ಯಾರೂ ಹೇಳಿಲ್ಲ ನಾನು ಹೇಳ್ತೀನಿ, ಪೆಟ್ಟು ತಿಂದಿರೋದ್ರಿಂದ. ಕೇಲ್‌ಗೆ ಎರಡು ವರ್ಷದ ಬಾಳು, ಚಳಿ ಕಂಡ ಮೇಲೇ ಮುಂದಿನ ವಸಂತಕ್ಕೆ ದಂಟು ಬಿಟ್ಟು ಸಾಸಿವೆ ಥರ ಹಳದಿ ಹೂ ಬಿಡೋದು. ಒಂದೇ ಗಿಡ ಉಳಿಸ್ಕೊಂಡ್ರೆ ಸಾಲದು, ತನ್ನ ಪರಾಗ ತನಗೆ ಹಿಡಿಯಲ್ಲ, ಐದಾರು ಗಿಡ ಆದ್ರೂ ಒಟ್ಟಿಗೆ ಹೂ ಬಿಡ್ಬೇಕು. ಎಲೆಕೋಸು, ಹೂಕೋಸು, ನವಿಲುಕೋಸು ಎಲ್ಲ ಇದರದ್ದೇ ಜಾತಿ, ಜೇನುಹುಳಕ್ಕೆ ಭೇದ ಇಲ್ಲ. ಆ ವರ್ಷ ಪಕ್ಕದಲ್ಲಿ ಕೀಳೋದು ಮರೆತ ಎರಡು ನವಿಲುಕೋಸು ಹೂ ಬಿಟ್ಟಿತ್ತು, ನಾನು ಖುಷಿಯಿಂದ ಎತ್ತಿಟ್ಟ ಬೀಜ ಬಿತ್ತಿದ್ರೆ ಬಂದಿದ್ದು ಅರೆಬರೆ ಗಡ್ಡೆ, ಅರೆಬರೆ ಕೇಲ್, ಎರಡಕ್ಕೂ ರುಚಿ ಇಲ್ಲ. ರೆಡ್ ರಷ್ಯನ್ ಅನ್ನೋ ಕೇಲ್ ಮಾತ್ರ ಬೇರೆ ಜಾತಿ, ಕನೋಲಾ ಅನ್ನೋ ಎಣ್ಣೆಕಾಳಿನ ಕಡೆಯ ನೆಂಟ, ಅದಕ್ಕೆ ವೇಟ್ಸ್ ಜೊತೆ ಒಂದೇ ಪಾತೀಲಿ ಅದನ್ನ ಬೀಜಕ್ಕೆ ಬಿಟ್ರೂ ಸಾಮಾನ್ಯವಾಗಿ ಕಲಬೆರಕೆ ಆಗಲ್ಲ. ಎಲೆ ಮೆತ್ತಗೆ, ಪಲ್ಯಕ್ಕೆ ಬೇಗ ಬೇಯತ್ತೆ. ಕಾಯಿ ಒಣಗಿ ಕಂದು ಆದ್ಮೇಲೆ ಕುಯ್ದು ದಿಂಬಿನ ಕವರಲ್ಲಿ ಹಾಕಿ ಬಡೀರಿ.

ಕೇಳಿದವರು

ಎಲ್ರಿಗೂ ಥ್ಯಾಂಕ್ಸ್. ಇವತ್ತು ಜುಲೈ 9, ವೇಟ್ಸ್ ಒಂದು ಸಾಲು, ರೆಡ್ ರಷ್ಯನ್ ಒಂದು ಸಾಲು ಈ ಶನಿವಾರ ಹಾಕ್ತೀನಿ. ಎಡಿನ್‌ಬರೋ ಅಣ್ಣ, ಇಲ್ಲಿ ಪಾರಿವಾಳ ಅಷ್ಟಿಲ್ಲ, ಮೊಲ ಇದೆ. ಅದಕ್ಕೂ ನಿಮ್ಮ ಬಲೆನೇ ಸಾಕಾ?