ಅಪ್‌ಡೇಟ್: ಆರ್ಥ್ರೈಟಿಸ್ ಕೈಗೆ ಒಗ್ಗುವ ಲಾಂಗ್‌ಬೋ ಸಿಕ್ಕಿತು

ಬಾಣ ಬಿಟ್ಟಾಗ ಬರುವ ಜರ್ಕ್‌ಗೆ ಎಡಗೈ ಹೆಬ್ಬೆರಳಿನ ಬುಡ ನೋಯುತ್ತದೆ, ಆರ್ಥ್ರೈಟಿಸ್ ಇದೆ, ಯಾವ ಲಾಂಗ್‌ಬೋ (ಉದ್ದನೆಯ ಬಿಲ್ಲು) ತಗೊಳ್ಳಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

"ರಿಫ್ಲೆಕ್ಸ್-ಡಿಫ್ಲೆಕ್ಸ್ ಅನ್ನೋ ಬಾಗು ತೋಳಿನ ಬಿಲ್ಲು ನೋಡಿ" ಅಂದವರಿಗೆ ದೊಡ್ಡ ನಮಸ್ಕಾರ. ಇಲ್ಲಿ ಇಂಗ್ಲೆಂಡಿನಲ್ಲಿ ಹಳೇ ನಮೂನೆಯ ನೇರ ಬಿಲ್ಲಿಗೇ ಮರ್ಯಾದೆ ಜಾಸ್ತಿ. ನನ್ನ ಹಳೇ 45 ಪೌಂಡಿನದ್ದೂ (ಹೆದೆ ಪೂರ್ತಿ ಎಳೆಯಲು ಬೇಕಾದ ಬಲ ಅಷ್ಟು) ಅದೇ ಜಾತಿ. ಈಗ ತಗೊಂಡಿದ್ದು 30 ಪೌಂಡಿನ ರಿಫ್ಲೆಕ್ಸ್-ಡಿಫ್ಲೆಕ್ಸ್. ಇದರ ತೋಳುಗಳು ಹಿಡಿಯ ಹತ್ತಿರ ನಮ್ಮ ಕಡೆಗೆ ಬಾಗಿ, ತುದಿಯಲ್ಲಿ ಆಚೆ ತಿರುಗಿವೆ. ಹೆದೆ ಬಿಟ್ಟರೆ ಅಂಗೈಗೆ ಮೆಲ್ಲಗೆ ತಟ್ಟಿದ ಹಾಗೆ, ಅಷ್ಟೇ.

ಬಾಣದ ತೂಕಕ್ಕೂ ಇಷ್ಟು ಪಾತ್ರ ಇದೆ ಅನ್ನೋದೇ ಆಶ್ಚರ್ಯ. ಬಾಣ ತೀರಾ ಹಗುರವಾದರೆ ಬಿಲ್ಲಿನ ಶಕ್ತಿಯೆಲ್ಲ ಅದಕ್ಕೆ ಹೋಗುವುದಿಲ್ಲ, ಉಳಿದದ್ದು ಕೈಗೆ ಬರುತ್ತದೆ. ಬಿಲ್ಲಿನ ಪ್ರತಿ ಪೌಂಡಿಗೆ 10 ಗ್ರೇನ್ (ಬಾಣ ತೂಗುವ ಸಣ್ಣ ಅಳತೆ) ಲೆಕ್ಕದಲ್ಲಿ 300 ಗ್ರೇನಿನ ಮರದ ಬಾಣ ಹಾಕಿದೆ, ವ್ಯತ್ಯಾಸ ಕೂಡಲೇ ಗೊತ್ತಾಯಿತು. ಹೆದೆ ಡಾಕ್ರಾನಿನದು (ಒಂದು ಬಗೆಯ ಪಾಲಿಯೆಸ್ಟರ್ ದಾರ), ಸ್ವಲ್ಪ ಹಿಗ್ಗುವುದರಿಂದ ಪೆಟ್ಟು ಮೆತ್ತಗಾಗುತ್ತದೆ.

ಹೆದೆಗೆ ಉಣ್ಣೆಯ ಗೊಂಡೆ ಕಟ್ಟಿದರೆ ಸದ್ದು ಕಮ್ಮಿಯಾಯಿತು, ಜರ್ಕ್ ಹಾಗೇ ಇತ್ತು. ಜೆಲ್ ಗ್ಲೌಸ್ ನನಗಂತೂ ಆಗಲಿಲ್ಲ. ಅದರ ದಪ್ಪಕ್ಕೆ ಬಿಲ್ಲನ್ನು ಇನ್ನೂ ಬಿಗಿಯಾಗಿ ಹಿಡಿಯಬೇಕು, ನೋವು ಜಾಸ್ತಿ ಅಲ್ವಾ?

ಹೆದೆ ಏರಿಸುವುದು ಮಾತ್ರ ಈಗಲೂ ಕಷ್ಟ. ಸ್ಟ್ರಿಂಗರ್ (ಹೆದೆ ಏರಿಸಲು ಬಿಲ್ಲನ್ನು ಬಗ್ಗಿಸುವ ಹಗ್ಗ) ಇಲ್ಲದೆ ಆ ಕೆಲಸಕ್ಕೆ ಕೈ ಹಾಕುವುದಿಲ್ಲ.